ಐಸಿ ಸುಟ್ಟ ಹಳೆಯ ಗಿಟಾರ್ ಪೆಡಲ್ ರಿಪೇರಿ: ಪವರ್ ಜಾಕ್‌ನಿಂದ ಶುರುಮಾಡಿ

ಹಳೆಯ ಪೆಡಲ್‌ನಲ್ಲಿ ಐಸಿ, ಅಂದರೆ ಸರ್ಕ್ಯೂಟ್‌ನ ಮುಖ್ಯ ಚಿಪ್, ತಾನಾಗಿ ಸುಡುವುದು ಬಹಳ ಅಪರೂಪ. 9 ವೋಲ್ಟಿನಲ್ಲಿ ಕೆಲವೇ ಮಿಲಿಆಂಪ್ ಎಳೆದುಕೊಂಡು ನಲವತ್ತು ವರ್ಷ ತಣ್ಣಗೆ ಕೆಲಸ ಮಾಡಿದ ಚಿಪ್ ಇದ್ದಕ್ಕಿದ್ದಂತೆ ಸತ್ತಿತೆಂದರೆ ಹೊರಗಿನಿಂದ ಏನೋ ಒಳಗೆ ನುಗ್ಗಿದೆ ಎಂದೇ ಅರ್ಥ. ಅದು ಉಲ್ಟಾ ಪೋಲಾರಿಟಿಯ ಅಡಾಪ್ಟರ್ ಇರಬಹುದು, ಹೆಚ್ಚು ವೋಲ್ಟೇಜ್ ಇರಬಹುದು, ಡಿಸಿ ಬದಲು ಎಸಿ ಕೊಡುವ ಅಡಾಪ್ಟರ್ ಇರಬಹುದು. ನಮ್ಮಲ್ಲಿ ಸಾಮಾನ್ಯವಾಗಿ ಕೈಗೆ ಸಿಗುವ ಅಪರಾಧಿ ವೈ-ಫೈ ರೂಟರ್‌ನ 12 ವೋಲ್ಟ್ ಅಡಾಪ್ಟರ್. ಅದರ ಪಿನ್ 5.5 × 2.1 ಮಿಮೀ, ಪೆಡಲ್‌ನ ಜಾಕ್‌ಗೆ ಸಲೀಸಾಗಿ ಕೂರುತ್ತದೆ. ಆದರೆ ರೂಟರ್ ಅಡಾಪ್ಟರ್‌ನಲ್ಲಿ ನಡುವಿನ ಪಿನ್ ಪಾಸಿಟಿವ್. ಬಾಸ್ (Boss), ಐಬನೇಜ್ ಕಂಪನಿಗಳ ಪೆಡಲ್‌ಗಳಲ್ಲಿ ನಡುವಿನದು ನೆಗೆಟಿವ್.

ಹಾಗಾಗಿ ಕಾರಣ ತಿಳಿಯದೆ ಹೊಸ ಐಸಿ ಹಾಕಬೇಡಿ. ಪವರ್ ಒಳಬರುವ ದಾರಿಯಲ್ಲಿ ದೋಷ ಉಳಿದಿದ್ದರೆ ಹೊಸದೂ ಮೊದಲ ನಿಮಿಷದಲ್ಲೇ ಹೋಗುತ್ತದೆ. ಸಿಗ್ನಲ್ ಹಿಗ್ಗಿಸುವ ಆಪ್-ಆಂಪ್ ಚಿಪ್ 4558 ಆದರೆ ನಷ್ಟ ಕೆಲವು ರೂಪಾಯಿ. ಆದರೆ ಸಿಗ್ನಲನ್ನು ವಿಳಂಬ ಮಾಡುವ ಚಿಪ್ ಎಂಎನ್ 3007 ಆದರೆ ಇನ್ನೊಂದನ್ನು ಹುಡುಕುವುದೇ ದೊಡ್ಡ ಕೆಲಸ.

ಇಲ್ಲಿ ಎರಡು ಪೆಡಲ್‌ಗಳನ್ನು ಮಾದರಿಯಾಗಿ ಇಟ್ಟುಕೊಂಡಿದ್ದೇವೆ. ಒಂದು ಗಿಟಾರ್ ಧ್ವನಿಯನ್ನು ಒರಟು ಮಾಡುವ ಐಬನೇಜ್ ಟ್ಯೂಬ್ ಸ್ಕ್ರೀಮರ್. ಇದರ ಧ್ವನಿಯ ಕೆಲಸವನ್ನೆಲ್ಲ ಒಂದೇ 4558 ಮಾಡುತ್ತದೆ. ಇನ್ನೊಂದು 1979ರಲ್ಲಿ ಬಂದ, ಧ್ವನಿಗೆ ತೂಗಾಟ ಕೊಡುವ ಬಾಸ್ ಸಿಇ-2 ಕೋರಸ್. ಇದರಲ್ಲಿ ಎಂಎನ್ 3007 ಮತ್ತು ಅದಕ್ಕೆ ಕ್ಲಾಕ್ ಕೊಡುವ ಎಂಎನ್ 3101 ಜೋಡಿ ಇದೆ. ಈ ಎರಡನ್ನು ಅರ್ಥ ಮಾಡಿಕೊಂಡರೆ ಆ ಕಾಲದ ಬಹುಪಾಲು ಪೆಡಲ್‌ಗಳಿಗೆ ಇದೇ ಕ್ರಮ ಹೊಂದುತ್ತದೆ. ಗೋಡೆಯ ಪ್ಲಗ್‌ಗೆ ನೇರವಾಗಿ ಹೋಗುವ ವೈರ್ ಇರುವ ಹಳೆಯ ಯೂನಿಟ್‌ಗಳು, ಉದಾಹರಣೆಗೆ ಎಲೆಕ್ಟ್ರೋ-ಹಾರ್ಮೊನಿಕ್ಸ್‌ನ ಹಳೆಯ ಡಿಲಕ್ಸ್ ಮೆಮೊರಿ ಮ್ಯಾನ್, ಈ ಬರಹದ ವ್ಯಾಪ್ತಿಯಲ್ಲಿಲ್ಲ. ಅವುಗಳ ಒಳಗೆ ಮೇನ್ಸ್ ಕರೆಂಟ್ ಇರುತ್ತದೆ. ಅಮೆರಿಕದಿಂದ ತಂದದ್ದಾದರೆ ಅದು 120 ವೋಲ್ಟಿನದ್ದು, 230ಕ್ಕೆ ಚುಚ್ಚಿದ್ದರೆ ಟ್ರಾನ್ಸ್‌ಫಾರ್ಮರ್ರೇ ಹೋಗಿರಬಹುದು. ಮೇನ್ಸ್ ಕೆಲಸ ಗೊತ್ತಿರುವವರಿಗೇ ಕೊಡಿ.

ಬೇಕಾದ ಸಾಮಾನು

ಡಿಜಿಟಲ್ ಮಲ್ಟಿಮೀಟರ್, ತಾಪಮಾನ ಹೊಂದಿಸಬಹುದಾದ ಸೋಲ್ಡರಿಂಗ್ ಐರನ್, 0.7 ಅಥವಾ 0.8 ಮಿಮೀ ದಪ್ಪದ 60/40 ಇಲ್ಲವೇ 63/37 ಸೀಸದ ಸೋಲ್ಡರ್, ರೋಸಿನ್ ಫ್ಲಕ್ಸ್, ಡಿಸೋಲ್ಡರಿಂಗ್ ಪಂಪ್, ಸಣ್ಣ ಸೈಡ್ ಕಟರ್, ಐಸೊಪ್ರೊಪೈಲ್ ಆಲ್ಕೋಹಾಲ್, ಹಳೆಯ ಟೂತ್‌ಬ್ರಷ್. ಹಳೆಯ ಬೋರ್ಡಿನ ಬೆಸುಗೆ ಸೀಸದ್ದೇ. ಸೀಸವಿಲ್ಲದ ಸೋಲ್ಡರ್‌ಗೆ ಹೆಚ್ಚು ಶಾಖ ಬೇಕು, ಆ ಶಾಖವನ್ನು ಹಳೆಯ ಬೋರ್ಡಿನ ತಾಮ್ರ ತಡೆಯುವುದಿಲ್ಲ.

ಬಿಡಿಭಾಗಗಳಲ್ಲಿ 1ಎನ್4007 ಡಯೋಡ್ 2, 100 ಮೈಕ್ರೊಫ್ಯಾರಡ್ ಮತ್ತು 47 ಮೈಕ್ರೊಫ್ಯಾರಡ್‌ನ 25 ವೋಲ್ಟ್ ಎಲೆಕ್ಟ್ರೊಲಿಟಿಕ್ ಕೆಪಾಸಿಟರ್ ತಲಾ 2, ದುಂಡು ಪಿನ್‌ನ 8 ಕಾಲಿನ ಐಸಿ ಸಾಕೆಟ್, 100 ಓಂನ 1 ವಾಟ್ ರೆಸಿಸ್ಟರ್ 1, 0.1 ಮೈಕ್ರೊಫ್ಯಾರಡ್ ಫಿಲ್ಮ್ ಕೆಪಾಸಿಟರ್ 1, 9 ವೋಲ್ಟ್ ಬ್ಯಾಟರಿ ಮತ್ತು ಅದರ ಕ್ಲಿಪ್. ಬೆಂಗಳೂರಿನವರಿಗೆ ಇವೆಲ್ಲ ಎಸ್‌ಪಿ ರೋಡಿನಲ್ಲಿ ಸಿಗುತ್ತವೆ. ಸಿಗದೇ ಇರುವುದು ಎಂಎನ್ 3007 ಒಂದೇ.

ಇನ್ನೆರಡು ಉಪಕರಣ ನೀವೇ ಮಾಡಿಕೊಳ್ಳಬೇಕು. ಮೊದಲನೆಯದು ಸುರಕ್ಷಿತ ಪವರ್: ಬ್ಯಾಟರಿ ಕ್ಲಿಪ್‌ನ ಕೆಂಪು ವೈರ್‌ಗೆ ಸರಣಿಯಲ್ಲಿ ಆ 100 ಓಂ ರೆಸಿಸ್ಟರ್ ಬೆಸೆಯಿರಿ. ಒಳಗೆ ಶಾರ್ಟ್ ಇದ್ದರೂ 90 ಮಿಲಿಆಂಪ್‌ಗಿಂತ ಹೆಚ್ಚು ಹರಿಯದು. ಹಾಗೆ ಹರಿದಾಗ ರೆಸಿಸ್ಟರ್ ಸುಮಾರು 0.8 ವಾಟ್ ಶಾಖ ಹೊರಬೇಕಾಗುತ್ತದೆ, ಕಾಲು ವಾಟಿನದು ಹೊಗೆಯಾಡುತ್ತದೆ. 1 ವಾಟ್ ಎಂದದ್ದು ಅದಕ್ಕೇ. ಎರಡನೆಯದು ಆಡಿಯೊ ಪ್ರೋಬ್: ಆಂಪ್‌ಗೆ ಹೋಗುವ ಒಂದು ಗಿಟಾರ್ ಕೇಬಲ್‌ನ ಸಿಗ್ನಲ್ ತುದಿಗೆ 0.1 ಮೈಕ್ರೊಫ್ಯಾರಡ್ ಕೆಪಾಸಿಟರ್ ಬೆಸೆದು, ಗ್ರೌಂಡ್‌ಗೆ ಕ್ರೊಕೊಡೈಲ್ ಕ್ಲಿಪ್ ಹಾಕಿ. ಕೆಪಾಸಿಟರ್‌ನ ಇನ್ನೊಂದು ಕಾಲನ್ನು ಸರ್ಕ್ಯೂಟ್‌ನ ಎಲ್ಲಿ ಮುಟ್ಟಿಸಿದರೂ ಅಲ್ಲಿನ ಸದ್ದು ಆಂಪ್‌ನಲ್ಲಿ ಕೇಳುತ್ತದೆ. ಆಂಪ್ ವಾಲ್ಯೂಮ್ ತೀರ ಕಡಿಮೆ ಇರಲಿ.

ಬಿಚ್ಚುವ ಮೊದಲು

ಪೆಡಲ್ ಕೆಟ್ಟಿದೆಯೇ ಎಂದೇ ಮೊದಲು ಖಾತ್ರಿ ಮಾಡಿಕೊಳ್ಳಿ. ಇನ್‌ಪುಟ್‌ಗೆ ಕೇಬಲ್ ಹಾಕದೆ ಇದ್ದರೆ ಬ್ಯಾಟರಿಯಿಂದ ಪವರ್ ಬರುವುದಿಲ್ಲ; ಆ ಜಾಕ್ ಸ್ಟೀರಿಯೊ ಜಾಕ್, ಕೇಬಲ್ ಒಳಹೋದಾಗಲೇ ಬ್ಯಾಟರಿಯ ನೆಗೆಟಿವ್ ಕೂಡುತ್ತದೆ.

ಹಳೆಯ ಬಾಸ್ ಪೆಡಲ್‌ಗಳಲ್ಲಿ ಇನ್ನೊಂದು ಸಂಗತಿ ಇದೆ, ಇದು ಗೊತ್ತಿಲ್ಲದೆ ಒಳ್ಳೆಯ ಪೆಡಲ್‌ಗಳನ್ನು ಬಿಚ್ಚಿ ಹಾಳುಮಾಡಿದವರಿದ್ದಾರೆ. ಪವರ್ ಜಾಕ್ ಬಳಿ ಎಸಿಎ ಅಡಾಪ್ಟರ್ ಎಂದು ಬರೆದಿದ್ದರೆ, ಅದನ್ನು ವೋಲ್ಟೇಜ್ 9ಕ್ಕಿಂತ ಮೇಲಕ್ಕೇ ಇರುವ ಹಳೆಯ ಬಗೆಯ ಅಡಾಪ್ಟರ್‌ಗೆಂದು ಮಾಡಿದ್ದು. ಆ ಹೆಚ್ಚುವರಿಯನ್ನು ಇಳಿಸಲು ನೆಗೆಟಿವ್ ದಾರಿಯಲ್ಲಿ ರೆಸಿಸ್ಟರ್ ಇಟ್ಟಿದ್ದಾರೆ. ಈಗಿನ ಸ್ಥಿರ 9 ವೋಲ್ಟ್ ಪಿಎಸ್‌ಎ ಅಡಾಪ್ಟರ್ ಒಂಟಿಯಾಗಿ ಹಾಕಿದರೆ ಒಳಗೆ ಸಾಲುವಷ್ಟು ವೋಲ್ಟೇಜ್ ಉಳಿಯುವುದಿಲ್ಲ: ಎಲ್‌ಇಡಿ ಮಂಕು, ಸದ್ದು ಕ್ಷೀಣ. ಅದೇ ಪೆಡಲ್ ಬ್ಯಾಟರಿಯಲ್ಲಿ ಸರಿಯಾಗಿ ಓಡುತ್ತದೆ. ಒಂದೇ ಅಡಾಪ್ಟರ್‌ನಿಂದ ಇನ್ನೊಂದು ಪಿಎಸ್‌ಎ ಪೆಡಲ್‌ಗೂ ಪವರ್ ಕೊಟ್ಟು ಎರಡನ್ನೂ ಪ್ಯಾಚ್ ಕೇಬಲ್‌ನಿಂದ ಜೋಡಿಸಿದರೂ ಓಡುತ್ತದೆ, ಏಕೆಂದರೆ ಆಗ ಗ್ರೌಂಡ್ ಕೇಬಲ್ ಮೂಲಕ ನೇರವಾಗಿ ಸಿಗುತ್ತದೆ. ಇದು ದೋಷವಲ್ಲ, ವಿನ್ಯಾಸ.

ಇನ್ನು ಲಕ್ಷಣ ನೋಡಿ. ಬಾಸ್, ಐಬನೇಜ್‌ಗಳಲ್ಲಿ ಪೆಡಲ್ ಆಫ್ ಇದ್ದಾಗಲೂ ಸಿಗ್ನಲ್ ಟ್ರಾನ್ಸಿಸ್ಟರ್ ಬಫರ್ (ಸಿಗ್ನಲ್ ಕುಂದದಂತೆ ಮುಂದೆ ಸಾಗಿಸುವ ಹಂತ) ಮೂಲಕವೇ ಹೋಗುತ್ತದೆ. ಹಾಗಾಗಿ ಬೈಪಾಸ್‌ನಲ್ಲೂ ಸದ್ದಿಲ್ಲದಿದ್ದರೆ ಪವರ್ ಇಲ್ಲ ಅಥವಾ ಬಫರ್ ಸತ್ತಿದೆ. ಬೈಪಾಸ್ ಸರಿಯಿದ್ದು ಒತ್ತಿದಾಗ ಮಾತ್ರ ಮೌನವಾದರೆ ಐಸಿ ಕಡೆ ನೋಡಬೇಕು. ಕೋರಸ್‌ನಲ್ಲಿ ಒತ್ತಿದಾಗ ಸಾದಾ ಗಿಟಾರ್ ಕೇಳುತ್ತಿದ್ದು ತೂಗಾಟ ಮಾತ್ರ ಇಲ್ಲವೆಂದರೆ ಪವರ್ ಸರಿ, ಆಪ್-ಆಂಪ್ ಬಹುತೇಕ ಸರಿ; ತೊಂದರೆ ವಿಳಂಬದ ಕವಲಿನಲ್ಲಿದೆ.

ಪವರ್ ಕೊಡದೆ ಅಳೆಯುವುದು

ಬ್ಯಾಟರಿ ತೆಗೆದು ತಳದ ಸ್ಕ್ರೂ ಬಿಚ್ಚಿ. ಬೋರ್ಡ್ ಮತ್ತು ತಗಡಿನ ನಡುವಿನ ಪ್ಲಾಸ್ಟಿಕ್ ಹಾಳೆ ಕಳೆಯಬಾರದು, ಅದಿಲ್ಲದೆ ಮುಚ್ಚಿದರೆ ಬೆಸುಗೆಯ ತುದಿಗಳು ಲೋಹಕ್ಕೆ ತಾಗುತ್ತವೆ. ಪ್ರತಿ ವೈರ್ ಎಲ್ಲಿಗೆ ಹೋಗಿದೆ ಎಂದು ಕಾಣುವಂತೆ ಎರಡೂ ಬದಿಯ ಫೋಟೊ ತೆಗೆಯಿರಿ. ಬಿರುಕು ಬಿಟ್ಟ ಐಸಿ, ತಲೆ ಉಬ್ಬಿದ ಕೆಪಾಸಿಟರ್, ಕಂದು ಬಣ್ಣಕ್ಕೆ ತಿರುಗಿದ ಬೋರ್ಡ್ ಕಂಡರೆ ಗುರುತು ಹಾಕಿಕೊಳ್ಳಿ. ಏನೂ ಕಾಣದಿದ್ದರೂ ಐಸಿ ಸತ್ತಿರಬಹುದು. ಒಳಗೆ ಸುಟ್ಟದ್ದು ಹೊರಗೆ ಕಾಣಲೇಬೇಕೆಂದಿಲ್ಲ.

ಈಗ ಮಲ್ಟಿಮೀಟರನ್ನು ಓಂ ಅಳತೆಗೆ ಇಟ್ಟು ಸರ್ಕ್ಯೂಟ್‌ನ ಪಾಸಿಟಿವ್ ಮತ್ತು ಗ್ರೌಂಡ್ ನಡುವೆ ನೋಡಿ. ಕೆಪಾಸಿಟರ್ ತುಂಬುತ್ತ ಅಂಕಿ ಏರಿ ಕೆಲವು ಕಿಲೊಓಂನಲ್ಲಿ ನಿಂತರೆ ಶಾರ್ಟ್ ಇಲ್ಲ. 0ರಿಂದ 10 ಓಂ ಒಳಗೆ ನಿಂತರೆ ಶಾರ್ಟ್ ಇದೆ. ಮೊದಲ ಅನುಮಾನ ಪವರ್ ಜಾಕ್ ಪಕ್ಕದ ರಕ್ಷಣಾ ಡಯೋಡ್ ಮೇಲೆ ಇರಲಿ. ಬಹಳಷ್ಟು ಹಳೆಯ ಪೆಡಲ್‌ಗಳಲ್ಲಿ ಇದನ್ನು ಪಾಸಿಟಿವ್-ಗ್ರೌಂಡ್ ನಡುವೆ ಅಡ್ಡಲಾಗಿ ಹಾಕಿರುತ್ತಾರೆ. ಪೋಲಾರಿಟಿ ಉಲ್ಟಾ ಆದಾಗ ಅದು ಪೂರ್ತಿ ಕರೆಂಟನ್ನು ತಾನೇ ನುಂಗಿ ಐಸಿಗಳನ್ನು ಕಾಯುತ್ತದೆ. ನುಂಗಿ ನುಂಗಿ ಎರಡು ರೀತಿಯಲ್ಲಿ ಸಾಯಬಹುದು. ಶಾರ್ಟ್ ಆಗಿ ಸತ್ತರೆ ಪೆಡಲ್ ಪೂರ್ತಿ ನಿರ್ಜೀವ, ಆದರೆ ಐಸಿಗಳು ಬದುಕಿರುವ ಸಾಧ್ಯತೆ ಹೆಚ್ಚು. ತುಂಡಾಗಿ ಸತ್ತರೆ ಅಡ್ಡಗೋಡೆ ಬಿದ್ದಂತೆಯೇ, ಆಮೇಲಿನ ಪೆಟ್ಟು ನೇರ ಐಸಿಗೆ.

ಡಯೋಡ್‌ನ ಒಂದು ಕಾಲನ್ನು ಬೋರ್ಡ್‌ನಿಂದ ಎತ್ತಿ ಮತ್ತೆ ಅಳೆಯಿರಿ. ಶಾರ್ಟ್ ಮಾಯವಾದರೆ ರಿಪೇರಿ ಅಲ್ಲಿಗೇ ಮುಗಿಯಬಹುದು: 1ಎನ್4007 ಹಾಕಿ, ಪಟ್ಟೆ ಇರುವ ತುದಿ ಪಾಸಿಟಿವ್ ಕಡೆಗೆ. ಶಾರ್ಟ್ ಇನ್ನೂ ಇದ್ದರೆ ಪವರ್ ಫಿಲ್ಟರ್ ಕೆಪಾಸಿಟರ್‌ನ ಒಂದು ಕಾಲು ಎತ್ತಿ. ಆಮೇಲೂ ಉಳಿದರೆ ಮಾತ್ರ ಐಸಿ. ಈ ಅನುಕ್ರಮ ಮುಖ್ಯ. ಎರಡು ಕಾಲಿನ ಭಾಗ ಎತ್ತುವುದು ಸುಲಭ, ಎಂಟು ಕಾಲಿನದನ್ನು ಕೀಳುವುದು ಬೋರ್ಡ್‌ಗೆ ಅಪಾಯ.

ಎತ್ತಿದ ಡಯೋಡನ್ನು ಮೀಟರ್‌ನ ಡಯೋಡ್ ಸ್ಥಾನದಲ್ಲಿ ಪರೀಕ್ಷಿಸಿ. ಒಂದು ದಿಕ್ಕಿನಲ್ಲಿ 0.5ರಿಂದ 0.7 ವೋಲ್ಟ್ ತೋರಿಸಿ ಇನ್ನೊಂದು ದಿಕ್ಕಿನಲ್ಲಿ ಏನೂ ತೋರಿಸದಿದ್ದರೆ ಚೆನ್ನಾಗಿದೆ. ಎರಡೂ ಕಡೆ ಏನೂ ತೋರಿಸದಿದ್ದರೆ ಅದು ತುಂಡಾಗಿದೆ, ಐಸಿಗೆ ಪೆಟ್ಟು ಬಿದ್ದಿದೆ ಎಂದೇ ಮುಂದುವರಿಯಿರಿ.

ಹೆಚ್ಚು ವೋಲ್ಟೇಜ್‌ನಿಂದ ಸತ್ತಿದ್ದರೆ ಯಾರು ಮೊದಲು ಹೋಗಿರುತ್ತಾರೆ ಎಂಬುದನ್ನು ಅಂದಾಜು ಮಾಡಬಹುದು. 4558ಕ್ಕೆ ಗರಿಷ್ಠ ಮಿತಿ ಧನ-ಋಣ 18, ಅಂದರೆ ಒಟ್ಟು 36 ವೋಲ್ಟ್. ಸರಿಯಾದ ಪೋಲಾರಿಟಿಯಲ್ಲಿ 12 ಅಥವಾ 18 ವೋಲ್ಟ್ ಕೊಟ್ಟರೆ ಅದು ಸಾಯುವುದಿಲ್ಲ. ಎಂಎನ್ 3207 (ಇದೂ ವಿಳಂಬದ ಚಿಪ್) ಇರುವ ಪೆಡಲ್‌ಗಳು ಬೇರೆ. ಅದು 10 ವೋಲ್ಟ್ ಒಳಗೆ ಓಡಬೇಕಾದ ಚಿಪ್. ಮ್ಯಾಕ್ಸ್ 1044, ಐಸಿಎಲ್ 7660 ಮಾದರಿಯ ಚಾರ್ಜ್ ಪಂಪ್‌ಗಳ (ಸಪ್ಲೈ ವೋಲ್ಟೇಜ್ ಬದಲಿಸುವ ಐಸಿಗಳು) ಮಿತಿ 10.5 ವೋಲ್ಟ್, 12ಕ್ಕೆ ಹೋಗುವುದು ಖಚಿತ. 10 ಅಥವಾ 16 ವೋಲ್ಟ್ ರೇಟಿಂಗ್‌ನ ಹಳೆಯ ಕೆಪಾಸಿಟರ್‌ಗಳೂ ಆ ಸಾಲಿನಲ್ಲೇ ಬರುತ್ತವೆ.

ಮೊದಲ ಪವರ್, ಮತ್ತು ಟ್ಯೂಬ್ ಸ್ಕ್ರೀಮರ್‌ನ ಅಂಕಿಗಳು

100 ಓಂ ಸೇರಿಸಿದ ಬ್ಯಾಟರಿಯಿಂದ ಪವರ್ ಕೊಟ್ಟು ಆ ರೆಸಿಸ್ಟರ್‌ನ ಎರಡು ತುದಿಗಳ ನಡುವಿನ ವೋಲ್ಟೇಜ್ ಅಳೆಯಿರಿ. 1 ವೋಲ್ಟ್ ಅಂದರೆ 10 ಮಿಲಿಆಂಪ್. ಈ ಬಗೆಯ ಪೆಡಲ್ 20 ಮಿಲಿಆಂಪ್ ಒಳಗೇ ಎಳೆಯಬೇಕು. 4 ವೋಲ್ಟ್ ತೋರಿದರೆ ತಕ್ಷಣ ತೆಗೆದು, ಯಾವ ಭಾಗ ಬಿಸಿಯಾಗಿದೆ ಎಂದು ಬೆರಳಿನಿಂದ ಮುಟ್ಟಿ ನೋಡಿ. ಆರೋಗ್ಯವಂತ 4558 ಬೆರಳಿಗೆ ಬೆಚ್ಚಗೆ ಕೂಡ ಅನ್ನಿಸಬಾರದು.

ಕರೆಂಟ್ ಸರಿಯಿದ್ದರೆ ಮೀಟರ್‌ನ ಕಪ್ಪು ಪ್ರೋಬ್ ಗ್ರೌಂಡ್‌ಗೆ ಇಟ್ಟು 4558ರ ಕಾಲುಗಳನ್ನು ಒಂದೊಂದಾಗಿ ನೋಡಿ. ಮೇಲಿನಿಂದ ನೋಡಿದಾಗ ಕಚ್ಚು ಅಥವಾ ಚುಕ್ಕೆಯ ಎಡಗಡೆಯದು 1ನೇ ಕಾಲು, ಅಲ್ಲಿಂದ ಗಡಿಯಾರದ ವಿರುದ್ಧ ದಿಕ್ಕಿನಲ್ಲಿ ಎಣಿಕೆ. 8ನೇ ಕಾಲಿನಲ್ಲಿ ಪೂರ್ತಿ ಸಪ್ಲೈ, 4ರಲ್ಲಿ 0, ಉಳಿದ ಆರರಲ್ಲೂ ಸಪ್ಲೈಯ ಅರ್ಧದಷ್ಟು. 9 ವೋಲ್ಟ್ ಇದ್ದರೆ ಅದು 4.5ರ ಆಸುಪಾಸು.

ಆ ಅರ್ಧ ವೋಲ್ಟೇಜ್ ಬರುವುದು ಎರಡು 10 ಕಿಲೊಓಂ ರೆಸಿಸ್ಟರ್‌ಗಳ ವಿಭಜನೆಯಿಂದ, ಪಕ್ಕದಲ್ಲಿ 47 ಮೈಕ್ರೊಫ್ಯಾರಡ್ ಕೆಪಾಸಿಟರ್. ಮೊದಲು ಅಲ್ಲಿ ಅಳೆಯಿರಿ. ಅಲ್ಲಿಯೇ 1 ಅಥವಾ 2 ವೋಲ್ಟ್ ಇದ್ದರೆ ಕೆಪಾಸಿಟರ್ ಸೋರುತ್ತಿದೆ ಇಲ್ಲವೇ ಸುಟ್ಟ ಐಸಿ ಕೆಳಕ್ಕೆ ಎಳೆಯುತ್ತಿದೆ. ಕೆಪಾಸಿಟರ್ ಎತ್ತಿದಾಗ 4.5ಕ್ಕೆ ಮರಳಿದರೆ ದೋಷ ಅದರದ್ದೇ. ಅಲ್ಲಿ 4.5 ಇದ್ದು, 3ನೇ ಕಾಲಿನಲ್ಲೂ ಇದ್ದು, 1ನೇ ಕಾಲು ಮಾತ್ರ 0.5 ಅಥವಾ 8ರಲ್ಲಿ ಅಂಟಿಕೊಂಡಿದ್ದರೆ, ಹಾಗೂ 1 ಮತ್ತು 2ರ ನಡುವಿನ ಡ್ರೈವ್ ಪಾಟ್‌ನ (ಡ್ರೈವ್ ನಾಬ್ ಕೆಳಗಿನ ಬದಲಾಗುವ ರೆಸಿಸ್ಟರ್) ದಾರಿ ತುಂಡಾಗಿಲ್ಲವೆಂದರೆ, ಐಸಿ ಸತ್ತಿದೆ. ಪಾಟ್‌ನ ವೈರ್ ಮುರಿದಿದೆಯೇ ಎಂದು ನೋಡದೆ ತೀರ್ಮಾನಕ್ಕೆ ಬರಬೇಡಿ.

ಇನ್‌ಪುಟ್ ಟ್ರಾನ್ಸಿಸ್ಟರ್ 2ಎಸ್‌ಸಿ1815ರ ಬೇಸ್‌ನಲ್ಲಿ ಸುಮಾರು 4 ವೋಲ್ಟ್, ಎಮಿಟರ್‌ನಲ್ಲಿ ಅದಕ್ಕಿಂತ 0.6 ಕಡಿಮೆ. ಅದರ ಬೇಸ್‌ಗೆ 510 ಕಿಲೊಓಂ ಮೂಲಕ ಬಯಾಸ್ (ಕೆಲಸಕ್ಕೆ ಬೇಕಾದ ಸ್ಥಿರ ಡಿಸಿ ವೋಲ್ಟೇಜ್) ಬರುವುದರಿಂದ ಮುಳ್ಳಿನ ಹಳೆಯ ಮೀಟರ್‌ನಲ್ಲಿ ಅಳೆದರೆ ಅಂಕಿ ತೀರ ಇಳಿಯುತ್ತದೆ. ಮೀಟರ್ ತಾನೇ ಕರೆಂಟ್ ಕುಡಿಯುತ್ತದೆ. ಡಿಜಿಟಲ್ ಮೀಟರನ್ನೇ ಬಳಸಿ.

ವೋಲ್ಟೇಜ್ ಎಲ್ಲ ಸರಿಯಿದ್ದು ಸದ್ದು ಮಾತ್ರ ಇಲ್ಲವೆಂದರೆ ಆಡಿಯೊ ಪ್ರೋಬ್ ಹಿಡಿಯಿರಿ. ಫೋನ್‌ನಲ್ಲಿ 400 ಹರ್ಟ್ಸ್ ಟೋನ್ ಹಾಕಿ ಸಣ್ಣ ದನಿಯಲ್ಲಿ ಪೆಡಲ್‌ಗೆ ಕೊಡಿ. ಇನ್‌ಪುಟ್ ಜಾಕ್, ಟ್ರಾನ್ಸಿಸ್ಟರ್ ಎಮಿಟರ್, 3ನೇ ಕಾಲು, 1ನೇ ಕಾಲು, 7ನೇ ಕಾಲು, ಹೀಗೆ ಮುಂದುವರಿದರೆ ಸದ್ದು ಎಲ್ಲಿ ನಿಲ್ಲುತ್ತದೆಯೋ ಅದರ ಹಿಂದಿನ ಭಾಗವೇ ದೋಷಿ.

ಎಂಎನ್ 3007: ಇಲ್ಲಿ ಅವಸರ ಬೇಡ

ಈ ಚಿಪ್ ಸಿಗ್ನಲನ್ನು 1024 ಸಣ್ಣ ಕೆಪಾಸಿಟರ್‌ಗಳ ಮೂಲಕ ಒಂದರಿಂದ ಇನ್ನೊಂದಕ್ಕೆ ದಾಟಿಸುತ್ತದೆ, ಬಾವಿಯಿಂದ ಸಾಲಾಗಿ ನಿಂತವರು ಕೊಡವನ್ನು ಕೈಯಿಂದ ಕೈಗೆ ಕೊಡುವ ಹಾಗೆ. ದಾಟಿಸುವ ತಾಳ ಹಾಕುವುದು ಎಂಎನ್ 3101 ಕ್ಲಾಕ್. ವಿಳಂಬ ಎಷ್ಟೆಂದರೆ ಹಂತಗಳ ಸಂಖ್ಯೆಯನ್ನು ಕ್ಲಾಕ್ ಆವರ್ತನದ ಎರಡರಷ್ಟರಿಂದ ಭಾಗಿಸಿದಷ್ಟು. 100 ಕಿಲೊಹರ್ಟ್ಸ್ ಕ್ಲಾಕ್‌ಗೆ 5.12 ಮಿಲಿಸೆಕೆಂಡ್. ಎಲ್‌ಎಫ್‌ಒ ಎಂಬ ನಿಧಾನ ಆವರ್ತನದ ಆಸಿಲೇಟರ್ ಆ ಕ್ಲಾಕನ್ನು ನಿಧಾನ-ವೇಗ ಮಾಡುವುದರಿಂದಲೇ ಕೋರಸ್‌ನ ತೂಗಾಟ. ತಾಳವಿಲ್ಲದಿದ್ದರೆ ಒಳ್ಳೆಯ ಎಂಎನ್ 3007ರಿಂದಲೂ ಏನೂ ಹೊರಬರದು. ಸತ್ತ ಕ್ಲಾಕ್‌ನ ತಪ್ಪಿಗೆ ಒಳ್ಳೆಯ 3007 ಕಿತ್ತುಹಾಕುವುದು ಈ ರಿಪೇರಿಯಲ್ಲಿ ನಡೆಯುವ ಅತಿ ದುಬಾರಿ ತಪ್ಪು.

ಡೇಟಾಶೀಟ್ ಓದುವಾಗ ಒಂದು ಗೊಂದಲ ಕಾದಿರುತ್ತದೆ. 3007 ಋಣ ವೋಲ್ಟೇಜ್‌ಗೆಂದು ಮಾಡಿದ ಚಿಪ್. 9 ವೋಲ್ಟ್ ಪೆಡಲ್‌ನಲ್ಲಿ ಡೇಟಾಶೀಟ್ ಗ್ರೌಂಡ್ ಎಂದು ಕರೆಯುವ 1ನೇ ಕಾಲು ಪಾಸಿಟಿವ್‌ಗೆ ಹೋಗುತ್ತದೆ, ಸಪ್ಲೈ ಎಂದು ಕರೆಯುವ 5ನೇ ಕಾಲು ಪೆಡಲ್‌ನ ಗ್ರೌಂಡ್‌ಗೆ. ಅಂದರೆ 1ರಲ್ಲಿ ಸುಮಾರು 9 ವೋಲ್ಟ್, 5ರಲ್ಲಿ 0 ಕಂಡರೆ ಸರಿಯಿದೆ. 4ನೇ ಕಾಲಿನ ವೋಲ್ಟೇಜನ್ನು 3101 ಕೊಡುತ್ತದೆ. ಸಪ್ಲೈಯ 15ರಲ್ಲಿ 14 ಭಾಗ ಪಾಸಿಟಿವ್‌ನಿಂದ ಕೆಳಕ್ಕೆ, ಅಂದರೆ ಪೆಡಲ್ ಗ್ರೌಂಡ್‌ನಿಂದ ಅಳೆದರೆ 0.6 ವೋಲ್ಟ್ ಆಸುಪಾಸು.

2 ಮತ್ತು 6ನೇ ಕಾಲುಗಳಲ್ಲಿ ಕ್ಲಾಕ್ ಇರಬೇಕು. ಮೀಟರ್‌ನ ಡಿಸಿ ಅಳತೆಯಲ್ಲಿ ಎರಡೂ ಸಪ್ಲೈಯ ಅರ್ಧದಷ್ಟು ತೋರಿದರೆ ಕ್ಲಾಕ್ ಓಡುತ್ತಿದೆ. ಒಂದರಲ್ಲಿ 0, ಇನ್ನೊಂದರಲ್ಲಿ 9 ಎಂದು ನಿಂತಿದ್ದರೆ ಕ್ಲಾಕ್ ನಿಂತಿದೆ. ಮೀಟರ್‌ಗೆ ಆವರ್ತನ ಅಳೆಯುವ ಸ್ಥಾನವಿದ್ದರೆ ಹತ್ತಾರು ಕಿಲೊಹರ್ಟ್ಸ್ ಕಾಣುತ್ತದೆ, ರೇಟ್ ನಾಬ್‌ಗೆ ತಕ್ಕಂತೆ ಏರಿಳಿಯುತ್ತದೆ. ಏರಿಳಿತವಿಲ್ಲದೆ ಒಂದೇ ಅಂಕಿ ನಿಂತಿದ್ದರೆ ಎಲ್‌ಎಫ್‌ಒ ಕಡೆಯ ಆಪ್-ಆಂಪ್ ಅಥವಾ ಅದರ ಕೆಪಾಸಿಟರ್ ನೋಡಿ. 3101ರ 5, 6, 7ನೇ ಕಾಲುಗಳನ್ನು ಮುಟ್ಟಬೇಡಿ. ಪ್ರೋಬ್‌ನ ಸ್ವಲ್ಪ ಕೆಪಾಸಿಟೆನ್ಸ್ ಸಾಕು, ಕ್ಲಾಕ್ ದಾರಿ ತಪ್ಪುತ್ತದೆ.

ಕ್ಲಾಕ್ ಇದೆ, 4ನೇ ಕಾಲು ಸರಿ, 3ನೇ ಕಾಲಿನಲ್ಲಿ ಆಡಿಯೊ ಪ್ರೋಬ್‌ಗೆ ಗಿಟಾರ್ ಕೇಳುತ್ತದೆ, ಆದರೆ 7 ಮತ್ತು 8ರಲ್ಲಿ ಏನೂ ಇಲ್ಲ: ಆಗ ಮಾತ್ರ 3007 ಮೇಲೆ ಅನುಮಾನ. ಅದಕ್ಕೂ ಮೊದಲು 3ನೇ ಕಾಲಿನ ಡಿಸಿ ನೋಡಿ. ಬಯಾಸ್ ದಾರಿ ತಪ್ಪಿದರೆ ಚಿಪ್ ಬದುಕಿದ್ದರೂ ಸದ್ದು ಬರದು ಅಥವಾ ಒಡೆದು ಬರುತ್ತದೆ. ಬಯಾಸ್ ಟ್ರಿಮರ್ (ಸ್ಕ್ರೂಡ್ರೈವರ್‌ನಿಂದ ತಿರುಗಿಸುವ ಸಣ್ಣ ಪಾಟ್) ಇರುವ ಬೋರ್ಡ್ ಆದರೆ ಅದರ ಈಗಿನ ಸ್ಥಾನವನ್ನು ಪೆನ್ನಿನಿಂದ ಗುರುತಿಸಿ, ನಿಧಾನವಾಗಿ ಎರಡೂ ಕಡೆ ತಿರುಗಿಸಿ ಕೇಳಿ.

ಐಸಿ ಕೀಳುವುದು, ಹೊಸದು ಹಾಕುವುದು

ಆ ಕಾಲದ ಬೋರ್ಡ್‌ಗಳು ಒಂದೇ ಬದಿಯ ತಾಮ್ರದವು. ಶಾಖ ಹೆಚ್ಚಾದರೆ ಪ್ಯಾಡ್ ಎದ್ದು ಬರುತ್ತದೆ. ಐರನ್ 320ರಿಂದ 350 ಡಿಗ್ರಿ ಸೆಲ್ಸಿಯಸ್, ಒಂದು ಕಾಲಿಗೆ 3 ಸೆಕೆಂಡ್‌ಗಿಂತ ಹೆಚ್ಚಿಲ್ಲ. 4558 ಸತ್ತದ್ದು ಖಚಿತವಾದರೆ ಅದನ್ನು ಉಳಿಸುವ ಹಟ ಬೇಡ: ಕಟರ್‌ನಿಂದ ಎಂಟೂ ಕಾಲು ಕತ್ತರಿಸಿ, ದೇಹ ತೆಗೆದು, ಉಳಿದ ತುಂಡುಗಳನ್ನು ಒಂದೊಂದಾಗಿ ಬಿಸಿಮಾಡಿ ಚಿಮಟದಿಂದ ಎತ್ತಿ. 3007 ಮಾತ್ರ ಇಡಿಯಾಗಿ ಬರಬೇಕು, ಬದುಕಿರುವ ಸಾಧ್ಯತೆ ಕೊನೆಯವರೆಗೂ ಇದೆ. ಪ್ರತಿ ಕಾಲಿಗೆ ಫ್ಲಕ್ಸ್ ಮತ್ತು ಚೂರು ಹೊಸ ಸೋಲ್ಡರ್ ಸೇರಿಸಿ, ಅದು ಕರಗಿದ ಕ್ಷಣ ಪಂಪ್‌ನಿಂದ ಎಳೆಯಿರಿ. ಒಂದು ಕಾಲಾದ ಮೇಲೆ ಎದುರು ಬದಿಯ ಕಾಲಿಗೆ ಹೋಗಿ, ನಡುವೆ ಅರ್ಧ ನಿಮಿಷ ತಣಿಯಲು ಬಿಡಿ. ಕಾಲು ಅಲುಗಾಡದಿದ್ದರೆ ಎಳೆಯಬೇಡಿ, ಮತ್ತೆ ಸೋಲ್ಡರ್ ತುಂಬಿ ಮತ್ತೆ ಹೀರಿ. ಇದು ಸ್ಟ್ಯಾಟಿಕ್‌ಗೆ ಹೆದರುವ ಚಿಪ್. ಕೈಗೆ ಗ್ರೌಂಡ್ ಪಟ್ಟಿ ಕಟ್ಟಿಕೊಳ್ಳಿ, ತೆಗೆದದ್ದನ್ನು ಅಲ್ಯೂಮಿನಿಯಂ ಹಾಳೆಯಲ್ಲಿ ಸುತ್ತಿಡಿ.

ಖಾಲಿ ಜಾಗಕ್ಕೆ ಸಾಕೆಟ್ ಹಾಕಿ, ಕಚ್ಚು ಹಳೆಯ ದಿಕ್ಕಿಗೇ ಇರಲಿ. ಐಸಿ ಕೂರಿಸುವ ಮೊದಲು ಖಾಲಿ ಸಾಕೆಟ್‌ನಲ್ಲೇ ಪವರ್ ಕೊಟ್ಟು ಸಪ್ಲೈ ಕಾಲುಗಳ ವೋಲ್ಟೇಜ್ ಅಳೆಯಿರಿ. ಈ ಒಂದು ನಿಮಿಷ ಹೊಸ ಚಿಪ್ ಉಳಿಸುತ್ತದೆ. ಪ್ಯಾಡ್ ಎದ್ದಿದ್ದರೆ ಕಾಲಿನಿಂದ ಅದೇ ಹಾದಿಯ ಮುಂದಿನ ಬೆಸುಗೆಗೆ ತೆಳು ವೈರ್ ಬೆಸೆದರೆ ಸಾಕು.

4558ರ ಜಾಗಕ್ಕೆ ಎನ್‌ಜೆಎಂ 4558ಡಿ ಅಥವಾ ಟೆಕ್ಸಸ್ ಇನ್‌ಸ್ಟ್ರುಮೆಂಟ್ಸ್‌ನ ಆರ್‌ಸಿ 4558ಪಿ ಹಾಕಿ. ಹಳೆಯ ಜೆಆರ್‌ಸಿ ಮುದ್ರೆಯ ಚಿಪ್‌ಗೆ ಹತ್ತುಪಟ್ಟು ಹಣ ಕೊಡುವುದರಲ್ಲಿ ಅರ್ಥವಿಲ್ಲ. ಟ್ಯೂಬ್ ಸ್ಕ್ರೀಮರ್‌ನ ಒರಟು ಧ್ವನಿ ಹುಟ್ಟುವುದು ಫೀಡ್‌ಬ್ಯಾಕ್ ದಾರಿಯ ಡಯೋಡ್‌ಗಳಲ್ಲಿ, ಅದರ ರೂಪ ನಿರ್ಧಾರವಾಗುವುದು 4.7 ಕಿಲೊಓಂ ಮತ್ತು 0.047 ಮೈಕ್ರೊಫ್ಯಾರಡ್ ಜೋಡಿಯಲ್ಲಿ. ಕೆಲವು ಹಳೆಯ ಬೋರ್ಡ್‌ಗಳಲ್ಲಿ ಐಸಿ ಕಾಲುಗಳೆಲ್ಲ ಒಂದೇ ಸಾಲಿನಲ್ಲಿರುತ್ತವೆ. ಆಗ ಎನ್‌ಜೆಎಂ 4558ಎಲ್ ತರಹದ್ದು ಬೇಕು, ಹಾಕುವ ಮೊದಲು ಎರಡೂ ಡೇಟಾಶೀಟ್‌ಗಳ ಕಾಲುಗಳನ್ನು ಒಂದೊಂದಾಗಿ ಹೋಲಿಸಿ.

3007ರ ಜಾಗಕ್ಕೆ 3207 ಅಥವಾ ಅದರ ನಕಲುಗಳಾದ ವಿ3207, ಬಿಎಲ್3207 ಹಾಕಬೇಡಿ. ಕಾಲುಗಳ ಹೆಸರು ಒಂದೇ, ಪೋಲಾರಿಟಿ ಉಲ್ಟಾ. ಪವರ್ ಕೊಟ್ಟೊಡನೆ ಅದು ಸಾಯುತ್ತದೆ. ನಿಜವಾದ 3007 ಬೇಕೆಂದರೆ ಹಳೆಯ ದಾಸ್ತಾನು ಅಥವಾ ಬೇರೆ ಕಾರಣಕ್ಕೆ ಕೆಟ್ಟ ಇನ್ನೊಂದು ಕೋರಸ್ ಪೆಡಲ್ ಹುಡುಕಿ. ಅಗ್ಗದ ಹೊಳೆಯುವ ಚಿಪ್‌ಗಳಲ್ಲಿ ಬೇರೆ ಐಸಿಯ ಮೇಲ್ಮೈ ಉಜ್ಜಿ ಹೊಸ ಹೆಸರು ಅಚ್ಚು ಹಾಕಿದವು ಬಹಳ. ಅಸಿಟೋನ್ ಅದ್ದಿದ ಹತ್ತಿಯಿಂದ ಉಜ್ಜಿದಾಗ ಅಕ್ಷರವೋ ಕಪ್ಪು ಬಣ್ಣವೋ ಬಿಟ್ಟುಕೊಂಡರೆ ಹಾಕಲೇಬೇಡಿ.

ಮುಚ್ಚುವ ಮೊದಲು

ಉಲ್ಟಾ ಪವರ್‌ನ ಪೆಟ್ಟು ತಿಂದ ಪೆಡಲ್‌ನಲ್ಲಿ ಪವರ್ ಫಿಲ್ಟರ್ ಕೆಪಾಸಿಟರ್ ಮತ್ತು ಬಯಾಸ್ ಕೆಪಾಸಿಟರ್ ಹೇಗೂ ಬದಲಿಸಿ; ಎಲೆಕ್ಟ್ರೊಲಿಟಿಕ್‌ಗೆ ಉಲ್ಟಾ ವೋಲ್ಟೇಜ್ ಆಗುವುದಿಲ್ಲ. ಆದರೆ ಬೋರ್ಡಿನ ಎಲ್ಲ ಕೆಪಾಸಿಟರ್ ಬದಲಿಸುವ ಹುಮ್ಮಸ್ಸು ಬೇಡ. ಫಿಲ್ಮ್ ಕೆಪಾಸಿಟರ್‌ಗಳು ಸಾಮಾನ್ಯವಾಗಿ ಚೆನ್ನಾಗಿಯೇ ಇರುತ್ತವೆ, ಪ್ರತಿ ಬೆಸುಗೆಯೂ ಹಳೆಯ ತಾಮ್ರಕ್ಕೆ ಇನ್ನೊಂದು ಪೆಟ್ಟು.

ಅಡ್ಡ ಡಯೋಡ್‌ನ ಜತೆಗೆ ಪಾಸಿಟಿವ್ ದಾರಿಯಲ್ಲಿ 100 ಮಿಲಿಆಂಪ್‌ನ ಪಾಲಿಫ್ಯೂಸ್ ಒಂದನ್ನು ಡಯೋಡ್‌ಗಿಂತ ಮೊದಲು, ಜಾಕ್ ಕಡೆಗೆ ಸೇರಿಸಿ. ಮುಂದೆ ಯಾರಾದರೂ ರೂಟರ್ ಅಡಾಪ್ಟರ್ ಹಾಕಿದರೆ ಡಯೋಡ್ ಕರೆಂಟ್ ಎಳೆಯುತ್ತದೆ, ಫ್ಯೂಸ್ ಬಿಸಿಯಾಗಿ ತಡೆಯುತ್ತದೆ, ತೆಗೆದ ಮೇಲೆ ತಾನಾಗಿ ಸರಿಹೋಗುತ್ತದೆ. ಜರ್ಮೇನಿಯಂ ಪಿಎನ್‌ಪಿ ಫಝ್‌ಗಳಂಥ ಪಾಸಿಟಿವ್ ಗ್ರೌಂಡ್ ಪೆಡಲ್‌ಗೆ ಈ ಡಯೋಡ್ ದಿಕ್ಕು ಹೊಂದದು, ಅವನ್ನು ಉಳಿದ ಪೆಡಲ್‌ಗಳ ಅಡಾಪ್ಟರ್ ಸರಪಳಿಗೆ ಸೇರಿಸಲೂಬಾರದು.

ಫ್ಲಕ್ಸನ್ನು ಆಲ್ಕೋಹಾಲ್‌ನಿಂದ ಉಜ್ಜಿ ತೆಗೆದು ಒಣಗಿಸಿ. 100 ಓಂ ರೆಸಿಸ್ಟರ್ ಇಟ್ಟುಕೊಂಡೇ ಮತ್ತೊಮ್ಮೆ ಕರೆಂಟ್ ಅಳೆಯಿರಿ, ಆಮೇಲೆ ನೇರ ಬ್ಯಾಟರಿ, ಕೊನೆಗೆ ಸರಿಯಾದ ಅಡಾಪ್ಟರ್. ಒಂದು ಗಂಟೆ ಓಡಿಸಿ ಐಸಿ ಮುಟ್ಟಿ ನೋಡಿ. ಕೋರಸ್‌ನಲ್ಲಿ ಸಣ್ಣ ಸೀಟಿಯಂಥ ಸದ್ದು ಕೇಳಿದರೆ ಕ್ಲಾಕ್ ಹೊರಗೆ ಸೋರುತ್ತಿದೆ. 7 ಮತ್ತು 8ನೇ ಕಾಲುಗಳ ನಂತರದ ಫಿಲ್ಟರ್‌ನಲ್ಲಿ ಬಿಟ್ಟುಹೋದ ಬೆಸುಗೆ ಹುಡುಕಿ. ಹಮ್ ಕೇಳಿದರೆ ಜಾಕ್‌ನ ಗ್ರೌಂಡ್ ವೈರ್ ನೋಡಿ. ತೆಗೆದ ಹಳೆಯ ಭಾಗಗಳನ್ನು ಸಣ್ಣ ಚೀಲದಲ್ಲಿ ಹಾಕಿ, ಏನು ಬದಲಿಸಿದಿರಿ ಎಂದು ಚೀಟಿ ಬರೆದು ಬ್ಯಾಟರಿ ಖಾನೆಯಲ್ಲಿಡಿ. ಮುಂದೆ ಇದನ್ನು ಬಿಚ್ಚುವವರಿಗೆ ಆ ಚೀಟಿಯಿಂದ ಅರ್ಧ ಕೆಲಸ ಉಳಿಯುತ್ತದೆ.